200 ರೂ. ಮಿತಿಯ ಗಲಾಟೆ ಬೆಂಗಳೂರಿಗೆ. ನಮ್ಮ ತಾಲೂಕು ಟಾಕೀಸಿನ ಲೆಕ್ಕವೇ ಬೇರೆ

ಸಿನಿಮಾ ಟಿಕೆಟ್ 200 ರೂ. ದಾಟಬಾರದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ ಬಜೆಟ್‌ನಲ್ಲಿ ಹೇಳಿದರು. ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಬಿತ್ತು. ಹನ್ನೊಂದೇ ದಿನಕ್ಕೆ, ಸೆಪ್ಟೆಂಬರ್ 23ರಂದು, ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆಮೇಲೆ ವಿಭಾಗೀಯ ಪೀಠ, ಅಲ್ಲಿಂದ ಸುಪ್ರೀಂ ಕೋರ್ಟ್ ಅಂತ ವಿಷಯ ಬೆಳೆಯಿತು. ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಮಲ್ಟಿಪ್ಲೆಕ್ಸ್‌ನವರು ಒಂದು ಕಡೆ, ಸರ್ಕಾರ ಮತ್ತೊಂದು ಕಡೆ.

ಈ ಜಗಳದಲ್ಲಿ ತಿಪಟೂರು, ಮಧುಗಿರಿ, ಶಿರಾ, ಪಾವಗಡ ಎಲ್ಲೂ ಇಲ್ಲ. ತಾಲೂಕು ಮಟ್ಟದ ಟಾಕೀಸಿನಲ್ಲಿ 200 ರೂ. ಅನ್ನೋದು ಮಾಮೂಲಿ ದಿನದ ದರವೇ ಅಲ್ಲ. ಸ್ಟಾರ್ ಸಿನಿಮಾದ ಮೊದಲ ಮೂರು ದಿನ ಬಿಟ್ಟರೆ, 150 ಅಂದರೇನೇ ಕೌಂಟರ್ ಮುಂದೆ ನಿಂತವರು ಎರಡು ಸಲ ಯೋಚನೆ ಮಾಡ್ತಾರೆ. ಗಂಡ, ಹೆಂಡತಿ, ಎರಡು ಮಕ್ಕಳು ಅಂದರೆ 600 ರೂ. ಆಯ್ತಲ್ಲ. ಹಾಗಾಗಿ ಮಿತಿ ಜಾರಿಯಾದರೂ, ಬಿದ್ದುಹೋದರೂ ನಮ್ಮ ಕಡೆಯ ಪ್ರೇಕ್ಷಕನ ಜೇಬಿಗೆ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ಮಾಡಿದ್ದು ಇನ್ನೊಂದು ಬದಲಾವಣೆ. ಅದು ಜಾರಿಗೆ ಬಂದಿದ್ದು ಹೈಕೋರ್ಟ್ ತಡೆಯ ಹಿಂದಿನ ದಿನ, ಸೆಪ್ಟೆಂಬರ್ 22ಕ್ಕೆ. ಟಿಕೆಟ್ ದರ 100 ರೂ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. 100 ರೂ. ಮೇಲಿನ ಟಿಕೆಟ್‌ಗೆ ಮೊದಲಿನಂತೆ ಶೇ 18 ಉಳಿಯಿತು.

ಲೆಕ್ಕ ಹಾಕಿ ನೋಡಿ. 100 ರೂ. ಟಿಕೆಟ್‌ಗೆ ಹಿಂದೆ ತೆರಿಗೆ ಸೇರಿ 112 ರೂ. ಆಗುತ್ತಿತ್ತು, ಈಗ 105. ಅದೇ ಟಾಕೀಸಿನವರು ದರವನ್ನು 110 ಮಾಡಿದರೆ ತೆರಿಗೆ 19 ರೂ. 80 ಪೈಸೆ, ಒಟ್ಟು ಸುಮಾರು 130. ಅಂದರೆ ದರ 10 ರೂ. ಏರಿಸಿದರೆ ಪ್ರೇಕ್ಷಕನಿಗೆ ಬೀಳೋದು ಸುಮಾರು 25 ರೂ. ಹೆಚ್ಚುವರಿ ಹೊರೆ. ಆ 25ರಲ್ಲಿ 15ರಷ್ಟು ತೆರಿಗೆಗೆ ಹೋಗುತ್ತೆ. ಹೀಗಾಗಿ ಸರ್ಕಾರ ಮಿತಿ ಹಾಕದಿದ್ದರೂ ತಾಲೂಕು ಟಾಕೀಸಿಗೆ 100 ರೂ. ಅನ್ನೋದೇ ಒಂದು ಗೋಡೆ. ಅದರೊಳಗೇ ಸಂಸಾರ ಮಾಡಬೇಕು.

ಈ ತೆರಿಗೆ ಇಳಿಕೆ ಒಳ್ಳೆಯದೇ. ಆದ್ರೆ ಹಳೆಯದನ್ನೂ ನೆನಪಿಡಬೇಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮೊದಲು ಕನ್ನಡ ಸಿನಿಮಾಗಳಿಗೆ ರಾಜ್ಯದಲ್ಲಿ ಮನರಂಜನಾ ತೆರಿಗೆ ವಿನಾಯಿತಿ ಇತ್ತು. ಸೊನ್ನೆ ಇದ್ದದ್ದು ಒಂದೇ ಸಲ ಶೇ 18 ಆಯಿತು, 2019ರ ಜನವರಿಯಲ್ಲಿ 12ಕ್ಕೆ ಬಂತು, ಈಗ 5. ಎಂಟು ವರ್ಷ ಏಟು ತಿಂದ ಮೇಲೆ ಬಂದ ಮುಲಾಮು ಇದು. ಆ ಎಂಟು ವರ್ಷದ ನಡುವೆ ಕೊರೊನಾ ಬಂತು, ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು, ಜನರಿಗೆ ಮೊಬೈಲಿನಲ್ಲಿ ಸಿನಿಮಾ ನೋಡುವ ಅಭ್ಯಾಸವೂ ಆಯಿತು.

ಹಾಗಾದರೆ ಇನ್ನೂ ಆಟ ನಡೆಸುತ್ತಿರುವ ಟಾಕೀಸುಗಳು ಹೇಗೆ ನಡೆಸುತ್ತಿವೆ? ಮುಚ್ಚಿದವು ಯಾಕೆ ಮುಚ್ಚಿದವು? "ಜನ ಬರಲ್ಲ" ಅನ್ನೋದು ಅರ್ಧ ಉತ್ತರ ಅಷ್ಟೇ.

ಡಬ್ಬ ಹೋಯ್ತು, ಸರ್ವರ್ ಬಂತು

ಐವತ್ತು ದಾಟಿದವರಿಗೆ ಇದು ಗೊತ್ತಿರುತ್ತೆ. ಸಿನಿಮಾ ಅಂದರೆ ತಗಡಿನ ಡಬ್ಬದಲ್ಲಿ ಬರುತ್ತಿದ್ದ ರೀಲು. ಬೆಂಗಳೂರು ಗಾಂಧಿನಗರದ ವಿತರಕರ ಆಫೀಸಿನಿಂದ ಡಬ್ಬ ಬಸ್ಸಿಗೋ ರೈಲಿಗೋ ಹತ್ತಬೇಕು. ವಿತರಣೆಯ ಭಾಷೆಯಲ್ಲಿ ನಮ್ಮ ಜಿಲ್ಲೆ 'ಬಿಕೆಟಿ' ಏರಿಯಾ, ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಮೈಸೂರು, ಮಂಡ್ಯ, ಕೊಡಗು, ಹಾಸನದ ಕಡೆಯದು 'ಎಂಎಂಸಿಎಚ್'. ಒಂದೊಂದು ಪ್ರಿಂಟ್ ಮಾಡಿಸಲು ದೊಡ್ಡ ಖರ್ಚು, ಹಾಗಾಗಿ ಪ್ರಿಂಟ್‌ಗಳ ಸಂಖ್ಯೆ ಕಡಿಮೆ. ಮೊದಲು ಬೆಂಗಳೂರು, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲೂಕು. ಗೀರು ಬಿದ್ದ ಅದೇ ಪ್ರಿಂಟ್ ಕೊನೆಗೆ ಹೋಬಳಿಯ ಟೂರಿಂಗ್ ಟಾಕೀಸಿನ ಟೆಂಟಿಗೆ. ಅಲ್ಲಿ ನೆಲಕ್ಕೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಲೌಡ್‌ಸ್ಪೀಕರಿನಲ್ಲಿ ದೇವರ ಹಾಡು ಕೇಳಿಸಿತು ಅಂದ್ರೆ ಸುತ್ತಲ ಊರಿನವರು ಊಟ ಮುಗಿಸಿ ಹೊರಡಬೇಕು ಅಂತ ಲೆಕ್ಕ.

ಆಗ ತಾಲೂಕಿನ ಜನ ಬೈಕೊಳ್ಳುತ್ತಿದ್ದರು, ಹೊಸ ಸಿನಿಮಾ ನಮಗೆ ತಡವಾಗಿ ಬರುತ್ತೆ ಅಂತ. ಆದ್ರೆ ವ್ಯಾಪಾರದ ಕಣ್ಣಿನಿಂದ ನೋಡಿದರೆ ಆ ತಡವೇ ತಾಲೂಕು ಟಾಕೀಸಿನ ಬಂಡವಾಳ. ಸಿನಿಮಾ ಊರಿಗೆ ಬರುವ ಹೊತ್ತಿಗೆ ಅದು ಗೆದ್ದಿದೆಯೋ ಸೋತಿದೆಯೋ ಗೊತ್ತಿರುತ್ತಿತ್ತು. ಸೋತದ್ದನ್ನು ಬಿಟ್ಟು ಗೆದ್ದದ್ದನ್ನು ತರಿಸಬಹುದಿತ್ತು. ನೋಡಬೇಕು ಅಂದವರಿಗೆ ಬೇರೆ ದಾರಿಯೂ ಇರಲಿಲ್ಲ. ಒಂದೇ ಸಿನಿಮಾ ಎರಡನೇ ಸಲ, ಮೂರನೇ ಸಲ ಬಂದರೂ ಜನ ಬರುತ್ತಿದ್ದರು.

ಯುಎಫ್‌ಒ, ಕ್ಯೂಬ್ ಕಂಪನಿಗಳ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಇದು ತಲೆಕೆಳಗಾಯಿತು. ಬೆಂಗಳೂರಿನಲ್ಲಿ ಬೆಳಗಿನ ಆಟ ಶುರುವಾಗುವ ಹೊತ್ತಿಗೇ ಪಾವಗಡದಲ್ಲೂ ಶುರು. ನಮ್ಮವರಿಗೆ ಖುಷಿಯಾಯಿತು, ಆಗಬೇಕಾದ್ದೇ. ಆದ್ರೆ ಎಲ್ಲ ಊರಲ್ಲೂ ಒಂದೇ ದಿನ ಬಿಡುಗಡೆ ಅಂದರೆ ಎಲ್ಲ ಊರಲ್ಲೂ ಗಳಿಕೆ ಒಂದೇ ವಾರ. ಶುಕ್ರವಾರ ಹಾಕಿದ ಸಿನಿಮಾ ಕೆಟ್ಟದ್ದಾದರೆ ಸೋಮವಾರಕ್ಕೆ ಖಾಲಿ ಕುರ್ಚಿ. ಗೆದ್ದದ್ದನ್ನು ಆರಿಸುವ ಅವಕಾಶ ಹೋಯ್ತು, ಎಲ್ಲವೂ ಲಾಟರಿ ಆಯಿತು. ಪ್ರೊಜೆಕ್ಟರು ಟಾಕೀಸಿನೊಳಗಿದ್ದರೂ ಅದರ ಕೀಲಿಕೈ ಬೇರೆಯವರ ಹತ್ತಿರ. ಈ ಡಿಜಿಟಲ್ ಕಂಪನಿಗಳ ಶುಲ್ಕದ ವಿಷಯಕ್ಕೇ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಬಿಡುಗಡೆ ನಿಲ್ಲಿಸಿ ಮುಷ್ಕರ ಮಾಡಿದ್ದರು.

ಇದರ ಮೇಲೆ ಒಟಿಟಿ. 'ಕಾಂತಾರ: ಚಾಪ್ಟರ್ 1' ಚಿತ್ರಮಂದಿರಕ್ಕೆ ಬಂದದ್ದು 2025ರ ಅಕ್ಟೋಬರ್ 2ಕ್ಕೆ. ಅದೇ ಅಕ್ಟೋಬರ್ 31ಕ್ಕೆ ಅದರ ಕನ್ನಡ ಆವೃತ್ತಿ ಪ್ರೈಮ್ ವಿಡಿಯೊದಲ್ಲಿ ಬಂತು. ಒಂದು ತಿಂಗಳೂ ಪೂರ್ತಿ ಇಲ್ಲ. ಹಿಂದಿ ಆವೃತ್ತಿ ಮಾತ್ರ ಎಂಟು ವಾರ ಕಾಯಿತು. ಯಾಕೆಂದರೆ ಉತ್ತರದ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಎಂಟು ವಾರ ಬಿಡದಿದ್ದರೆ ಸಿನಿಮಾನೇ ಹಾಕಲ್ಲ ಅಂತ ಪಟ್ಟು ಹಿಡಿದಿವೆ. ಅಂದರೆ ಕರಾವಳಿಯಲ್ಲಿ ಹುಟ್ಟಿದ ಕನ್ನಡದ ಕಥೆಗೆ ಹಿಂದಿ ಪ್ರದೇಶದ ಟಾಕೀಸಿನಲ್ಲಿ ಎಂಟು ವಾರದ ರಕ್ಷಣೆ, ಕನ್ನಡ ನಾಡಿನ ಟಾಕೀಸಿನಲ್ಲಿ ನಾಲ್ಕು ವಾರ! ನಮ್ಮ ಟಾಕೀಸಿನವರಿಗೆ ಹಾಗೆ ಪಟ್ಟು ಹಿಡಿಯುವ ಶಕ್ತಿ ಇಲ್ಲ. ಒಬ್ಬೊಬ್ಬರೇ ಇದ್ದಾರೆ.

ಸಿನಿಮಾ ಪೂರೈಕೆಯದ್ದು ಇನ್ನೊಂದು ತಮಾಷೆ. 2025ರಲ್ಲಿ ತಿಂಗಳುಗಟ್ಟಲೆ ದೊಡ್ಡ ಸಿನಿಮಾ ಇಲ್ಲದೆ ಕಾದರು. ಡಿಸೆಂಬರ್ 11ಕ್ಕೆ 'ಡೆವಿಲ್', ಅದಾದ ಎರಡು ವಾರಕ್ಕೆ, ಡಿಸೆಂಬರ್ 25ಕ್ಕೆ, ಒಂದೇ ದಿನ 'ಮಾರ್ಕ್' ಮತ್ತು '45'. ಒಂದೇ ಪರದೆ ಇರುವ ಊರು ಏನು ಮಾಡಬೇಕು? ಒಂದನ್ನು ಹಾಕಿ ಇನ್ನೊಂದನ್ನು ಬಿಡಬೇಕು. ಬಿಟ್ಟದ್ದನ್ನು ಜನ ತುಮಕೂರಿಗೆ ಹೋಗಿ ನೋಡ್ತಾರೆ, ಇಲ್ಲ ಫೋನಿಗೆ ಬರೋ ತನಕ ಕಾಯ್ತಾರೆ. ಬಸ್ಸಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಎರಡೂ ಕಡೆ ಎಳೆಯುತ್ತೆ. ಹಳ್ಳಿಯ ಹೆಣ್ಣುಮಕ್ಕಳಿಗೆ ತಾಲೂಕಿಗೆ ಬಂದು ಮ್ಯಾಟಿನಿ ನೋಡುವುದೂ ಸುಲಭ, ತಾಲೂಕು ದಾಟಿ ಜಿಲ್ಲಾ ಕೇಂದ್ರದ ಮಲ್ಟಿಪ್ಲೆಕ್ಸ್‌ಗೆ ಹೋಗುವುದೂ ಸುಲಭ.

ದೊಡ್ಡ ಹೆಸರೇ ಬೇಕು ಅಂತಲೂ ಇಲ್ಲ. 2025ರ ಜುಲೈ 25ಕ್ಕೆ ಬಂದ 'ಸು ಫ್ರಮ್ ಸೋ' ಚಿತ್ರದಲ್ಲಿ ದೊಡ್ಡ ಸ್ಟಾರ್ ಯಾರೂ ಇರಲಿಲ್ಲ. ಬಾಯಿಂದ ಬಾಯಿಗೆ ಹೋಗಿಯೇ ಆಟಗಳು ಹೆಚ್ಚಾದವು. ಆದ್ರೆ ಅಂಥದ್ದು ವರ್ಷಕ್ಕೆ ಒಂದೋ ಎರಡೋ. ವರ್ಷಕ್ಕೆ 52 ಶುಕ್ರವಾರ ಇದೆ.

ಗೇಟಿನ ಒಳಗಿನ ಲೆಕ್ಕ, ಹೊರಗಿನ ಲೆಕ್ಕ

ಒಂದು ಉದಾಹರಣೆ ಲೆಕ್ಕ ಮಾಡೋಣ. ಇದು ಯಾವುದೇ ಒಂದು ಟಾಕೀಸಿನ ಪುಸ್ತಕದ್ದಲ್ಲ, ಹೇಗೆ ನಡೆಯುತ್ತೆ ಅಂತ ತೋರಿಸಲು ಮಾತ್ರ. ಸಾಧಾರಣ ದಿನ, ನಾಲ್ಕು ಆಟ, ಆಟಕ್ಕೆ 25 ಜನ. ದಿನಕ್ಕೆ 100 ಜನ, ಟಿಕೆಟ್ 100 ರೂ., ತೆರಿಗೆ ಬಿಟ್ಟು ಗಲ್ಲಾಪೆಟ್ಟಿಗೆ 10,000 ರೂ. ಇದರಲ್ಲಿ ಸಿನಿಮಾದವರ ಪಾಲು ಹೋಗಬೇಕು. ಆ ಪಾಲು ಮೂರು ಬಗೆಯಲ್ಲಿ ನಡೆಯುತ್ತೆ. ವಿತರಕರು ಟಾಕೀಸಿಗೆ ವಾರದ ಬಾಡಿಗೆ ಕಟ್ಟಿ ಗಳಿಕೆ ತಾವು ಇಟ್ಟುಕೊಳ್ಳುವುದು ಒಂದು. ಬಂದದ್ದರಲ್ಲಿ ಇಬ್ಬರೂ ಶೇಕಡಾವಾರು ಹಂಚಿಕೊಳ್ಳುವುದು ಎರಡು. ದೊಡ್ಡ ಸಿನಿಮಾಗೆ ಮಾಲೀಕನೇ ಮುಂಚೆ ಇಷ್ಟು ಹಣ ಅಂತ ಖಾತ್ರಿ ಕೊಟ್ಟು ತರುವುದು ಮೂರು, ಅದಕ್ಕೆ ಎಂಜಿ ಅಂತಾರೆ. ಅರ್ಧ ಅರ್ಧ ಅಂದುಕೊಂಡರೂ ಮಾಲೀಕನಿಗೆ ಉಳಿಯೋದು 5,000. ಅದರಲ್ಲೇ ಆಪರೇಟರ್, ಗೇಟ್‌ಕೀಪರ್, ಕಸ ಗುಡಿಸುವವರು, ಕರೆಂಟು, ಜನರೇಟರಿಗೆ ಡೀಸೆಲ್, ಕಟ್ಟಡದ ಕಂದಾಯ, ಲೈಸೆನ್ಸ್ ನವೀಕರಣ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಅಂತ ಒಂದಿರುತ್ತೆ, ಅದು ಆಟ ನಡೆದರೂ ಬರುತ್ತೆ, ನಡೆಯದಿದ್ದರೂ ಬರುತ್ತೆ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಡಿಗೆಯೋ ಶೇಕಡಾವಾರೋ ಅನ್ನುವ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಪಕ್ಕದ ಆಂಧ್ರ, ತೆಲಂಗಾಣದಲ್ಲಿ 2025ರ ಮೇ ತಿಂಗಳಲ್ಲಿ ಚಿತ್ರಮಂದಿರದವರು ಇದೇ ವಿಷಯಕ್ಕೆ ಜೂನ್ 1ರಿಂದ ಬಂದ್ ಮಾಡ್ತೀವಿ ಅಂದಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2024ರ ಮೇ ತಿಂಗಳಲ್ಲಿ, ತೆಲಂಗಾಣದ ಸಿಂಗಲ್ ಸ್ಕ್ರೀನ್‌ಗಳು ಹಾಕಲು ಸಿನಿಮಾ ಇಲ್ಲ ಅಂತ ಹತ್ತು ದಿನ ಬಾಗಿಲು ಹಾಕಿದ್ದವು. ಸಿನಿಮಾ ಹುಚ್ಚಿಗೆ ಹೆಸರಾದ ತೆಲುಗು ನಾಡಲ್ಲೇ ಹೀಗೆ.

ಈಗ ಗೇಟಿನ ಹೊರಗೆ ಬನ್ನಿ. ಅದೇ 100 ಜನ ಇಂಟರ್ವಲ್‌ನಲ್ಲಿ ಏನು ಮಾಡ್ತಾರೆ? ಗೇಟು ತೆಗೆಯುತ್ತೆ, ರಸ್ತೆಗೆ ಬರ್ತಾರೆ. ಒಬ್ಬ ಟೀ ಕುಡೀತಾನೆ, ಒಬ್ಬ ಮೆಣಸಿನಕಾಯಿ ಬಜ್ಜಿ ತಿಂತಾನೆ, ಮಕ್ಕಳಿಗೆ ಚಿಪ್ಸು, ಜ್ಯೂಸು. ಆಟ ಬಿಟ್ಟ ಮೇಲೆ ಹೋಟೆಲು, ಆಟೋ. ಹಳ್ಳಿಯಿಂದ ಬಂದ ಸಂಸಾರ ಸಿನಿಮಾ ಒಂದಕ್ಕೇ ಬಂದಿರಲ್ಲ. ಚಪ್ಪಲಿ, ಬಟ್ಟೆ, ಔಷಧಿ, ಮೊಬೈಲ್ ರಿಪೇರಿ ಅಂತ ನಾಲ್ಕು ಕೆಲಸ ಸೇರಿಸಿಕೊಂಡು ಬಂದಿರ್ತಾರೆ. ಈ ವ್ಯಾಪಾರದಲ್ಲಿ ಟಾಕೀಸಿನ ಮಾಲೀಕನಿಗೆ ಒಂದು ಪೈಸೆಯೂ ಇಲ್ಲ. ಒಳಗಿನ ಕ್ಯಾಂಟೀನ್ ಕೂಡ ಎಷ್ಟೋ ಕಡೆ ವರ್ಷಕ್ಕೆ ಇಷ್ಟು ಅಂತ ಗುತ್ತಿಗೆಗೆ ಕೊಟ್ಟದ್ದು.

ಅಂದರೆ ನಮ್ಮ ಟಾಕೀಸು ಜನರನ್ನು ಕರೆದು ತರುತ್ತೆ, ಆದ್ರೆ ದುಡಿಮೆ ಮಾಡೋದು ಬೀದಿ. ಟಾಕೀಸು ಮುಚ್ಚಿದರೆ ಮಾಲೀಕನಿಗೆ ಎಷ್ಟೋ ಸಲ ನಷ್ಟ ನಿಲ್ಲುತ್ತೆ. ನಷ್ಟ ಶುರುವಾಗೋದು ಬೀದಿಗೆ. ಈ ವಿಷಯವನ್ನು ಸಿನಿಮಾ ಅಭಿಮಾನಿಗಳಿಗಿಂತ ಪೇಟೆಯ ಅಂಗಡಿಯವರು ತಲೆಗೆ ಹಚ್ಚಿಕೊಳ್ಳಬೇಕು ಅನ್ನೋದು ಅದಕ್ಕೇ.

ಅಮೆರಿಕದ ಹಳ್ಳಿಗಳಲ್ಲಿ ಉಳಿದದ್ದು ಯಾಕೆ

ಹಳ್ಳಿಗಾಡಿನಲ್ಲಿ ಟಾಕೀಸು ಉಳಿಯೋದೇ ಇಲ್ಲ ಅನ್ನೋರಿಗೆ ಒಂದು ದೂರದ ಉದಾಹರಣೆ ಇದೆ. ಅಮೆರಿಕದಲ್ಲಿ ಡ್ರೈವ್-ಇನ್ ಥಿಯೇಟರ್ ಅಂತ ಇವೆ. ಬಯಲಿನಲ್ಲಿ ದೊಡ್ಡ ಪರದೆ, ಜನ ಕಾರಿನಲ್ಲೇ ಕೂತು ನೋಡ್ತಾರೆ, ಧ್ವನಿ ಕಾರಿನ ಎಫ್‌ಎಂ ರೇಡಿಯೊದಲ್ಲಿ ಬರುತ್ತೆ. ಮೊದಲನೆಯದು 1933ರ ಜೂನ್‌ನಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾಯಿತು. 1950ರ ದಶಕದ ಕೊನೆಗೆ ಸುಮಾರು 4,000 ಇದ್ದವು. ಈಗ ಉಳಿದಿರೋದು 300ರ ಆಸುಪಾಸು. ಪೆನ್ಸಿಲ್ವೇನಿಯಾ ರಾಜ್ಯದ ಓರ್‌ಫೀಲ್ಡ್ ಅನ್ನುವ ಊರಿನಲ್ಲಿ 1934ರಲ್ಲಿ ಶುರುವಾದ ಶಾಂಕ್‌ವೈಲರ್ಸ್ ಇವತ್ತಿಗೂ ನಡೀತಿದೆ.

ನಾಲ್ಕು ಸಾವಿರದಿಂದ ಮುನ್ನೂರಕ್ಕೆ ಇಳಿದದ್ದು ಸೋಲೇ. ಆದ್ರೆ ಉಳಿದ ಮುನ್ನೂರರ ಲೆಕ್ಕ ಕುತೂಹಲದ್ದು. ಅವರ ಕಷ್ಟ ನಮ್ಮವರಿಗಿಂತ ಹೆಚ್ಚು. ಕತ್ತಲಾಗದೆ ಆಟ ಇಲ್ಲ, ಹಾಗಾಗಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ ಶುರು. ಮಳೆ ಬಂದರೆ ಜನ ಇಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ಕಡೆ ತಿಂಗಳುಗಟ್ಟಲೆ ಬಾಗಿಲು ಬಂದ್. ಹೊಸ ಸಿನಿಮಾ ಹಾಕಿದರೆ ಟಿಕೆಟ್ ಹಣದ ದೊಡ್ಡ ಪಾಲು ಸ್ಟುಡಿಯೊದವರಿಗೆ. 2013ರ ಸುಮಾರಿಗೆ ರೀಲು ನಿಂತು ಡಿಜಿಟಲ್ ಬಂದಾಗ ಒಂದು ಪರದೆಗೆ 70,000 ಡಾಲರ್‌ಗಿಂತ ಹೆಚ್ಚು ಖರ್ಚು. ಎಷ್ಟೋ ಜನ ಅಲ್ಲೇ ಕೈ ಚೆಲ್ಲಿದರು.

ಉಳಿದವರು ಉಳಿದದ್ದು ತಿಂಡಿ ಕೌಂಟರಿನಿಂದ. ಕಾರಿನಲ್ಲಿ ಬಂದವರು ಬಯಲಿನೊಳಗೇ ಇರ್ತಾರೆ, ಹೊರಗೆ ಹೋಗುವ ಮಾತಿಲ್ಲ. ಪಾಪ್‌ಕಾರ್ನ್, ಬರ್ಗರ್ ಎಲ್ಲ ಮಾಲೀಕನ ಕೌಂಟರಿನಲ್ಲೇ. ಆ ಹಣದಲ್ಲಿ ಸ್ಟುಡಿಯೊಗೆ ಪಾಲಿಲ್ಲ. ಕೆಲವು ಕಡೆ ಮನೆಯಿಂದ ತಿಂಡಿ ತಂದರೆ ತಂದುಕೊಳ್ಳಿ, ಆದ್ರೆ ಅದಕ್ಕೊಂದು ಪರ್ಮಿಟ್ ಹಣ ಕಟ್ಟಿ ಅಂತಾರೆ. ಒಂದು ಟಿಕೆಟ್‌ಗೆ ಎರಡು ಸಿನಿಮಾ ತೋರಿಸ್ತಾರೆ, ಯಾಕೆಂದರೆ ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ತಿಂತಾರೆ. ಹಗಲು ಖಾಲಿ ಬಿದ್ದ ಬಯಲಿನಲ್ಲಿ ಕೆಲವರು ಹಳೇ ಸಾಮಾನಿನ ಸಂತೆ ನಡೆಸಿ ಜಾಗದ ಬಾಡಿಗೆ ತಗೊಳ್ತಾರೆ. ಮಸಾಚುಸೆಟ್ಸ್‌ನ ವೆಲ್‌ಫ್ಲೀಟ್ ಅನ್ನುವ ಕಡಲತೀರದ ಊರಿನ ಡ್ರೈವ್-ಇನ್ ಹಾಗೇ ನಡೆಯುತ್ತೆ. ರಾತ್ರಿ ಸಿನಿಮಾ, ಹಗಲು ಸಂತೆ.

ಪೆನ್ಸಿಲ್ವೇನಿಯಾದ ಲಿಹೈಟನ್ ಹತ್ತಿರ ಮಹೋನಿಂಗ್ ಅಂತ ಇನ್ನೊಂದಿದೆ, 1949ರದ್ದು. ಡಿಜಿಟಲ್‌ಗೆ ಹಾಕಲು ದುಡ್ಡಿಲ್ಲದ ಇವರು ಉಲ್ಟಾ ದಾರಿ ಹಿಡಿದರು. ಹಳೆಯ ಸಿನಿಮಾಗಳನ್ನೇ ಹಳೆಯ 35 ಎಂಎಂ ರೀಲಿನಲ್ಲಿ ತೋರಿಸ್ತೀವಿ ಅಂದರು. ಜನ ದೂರದೂರದಿಂದ ಬಂದು ಅಲ್ಲೇ ಟೆಂಟು ಹಾಕಿ ಮಲಗಿ ನೋಡ್ತಾರೆ. 2021ರಲ್ಲಿ ಆ ಜಾಗಕ್ಕೆ ಸೋಲಾರ್ ಕಂಪನಿಯೊಂದು ಕಣ್ಣು ಹಾಕಿದಾಗ ಅಭಿಮಾನಿಗಳ ಗಲಾಟೆಗೆ ಕಂಪನಿಯೇ ಹಿಂದೆ ಸರಿಯಿತು.

ನಾವೂ ಬಯಲಿನಲ್ಲಿ ಪರದೆ ಕಟ್ಟೋಣ ಅಂತ ಇದನ್ನು ಹೇಳ್ತಿಲ್ಲ. ನಮ್ಮಲ್ಲಿ ಜನ ಬರೋದು ಬೈಕಿನಲ್ಲಿ, ಬಸ್ಸಿನಲ್ಲಿ. ನೋಡಬೇಕಾದ್ದು ಎರಡು ವಿಷಯ. ಒಂದು, ಅಲ್ಲಿ ತಿಂಡಿಯ ಹಣ ಗೇಟಿನ ಒಳಗೆ ಉಳಿಯುತ್ತೆ, ನಮ್ಮಲ್ಲಿ ಹೊರಗೆ ಹೋಗುತ್ತೆ. ಇನ್ನೊಂದು ಜಾಗದ ಬೆಲೆ. ಅಲ್ಲಿ ನಗರದ ಅಂಚಿನ ಡ್ರೈವ್-ಇನ್‌ಗಳನ್ನು ಅಂಗಡಿ ಸಂಕೀರ್ಣಗಳು ನುಂಗಿದವು. ಉಳಿದವುಗಳಲ್ಲಿ ಹೆಚ್ಚಿನವು ಹಳ್ಳಿಗಾಡಿನಲ್ಲಿ, ಜಾಗಕ್ಕೆ ಬೇರೆ ಗಿರಾಕಿ ಕಡಿಮೆ ಇರುವ ಕಡೆ. ನಮ್ಮ ತಾಲೂಕು ಟಾಕೀಸು ಕಟ್ಟುವಾಗ ಊರಾಚೆ ಇತ್ತು. ಊರು ಬೆಳೆದು ಈಗ ಅದು ಬಸ್ ಸ್ಟ್ಯಾಂಡಿಗೆ ನಡೆಯುವ ದೂರ. ಮಾಲೀಕನ ಮೊಮ್ಮಕ್ಕಳು ಲೆಕ್ಕ ಹಾಕೋದು ಸಿನಿಮಾದ ಲಾಭ ನಷ್ಟವನ್ನಲ್ಲ. ಇದೇ ಜಾಗದಲ್ಲಿ ಮಳಿಗೆ ಕಟ್ಟಿದರೆ, ಕಲ್ಯಾಣ ಮಂಟಪ ಮಾಡಿದರೆ ಎಷ್ಟು ಬಾಡಿಗೆ ಬರುತ್ತೆ ಅನ್ನೋದನ್ನ. ಆ ಲೆಕ್ಕದ ಮುಂದೆ ದಿನಕ್ಕೆ 5,000 ನಿಲ್ಲಲ್ಲ. ಟಾಕೀಸು ಲಾಭದಲ್ಲಿದ್ದಾಗಲೂ ಮುಚ್ಚುತ್ತೆ ಅಂದರೆ ಕಾರಣ ಇದು.

ಹಾಗಾದರೆ ಇಂಟರ್ವಲ್‌ನಲ್ಲಿ ಗೇಟಿಗೆ ಬೀಗ ಹಾಕಬೇಕಾ? ಕಾನೂನು ಪ್ರಕಾರ ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಮಾಲೀಕನಿಗೆ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಜೊತೆಗೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತಲೂ, ಎಳೆ ಮಕ್ಕಳಿಗೆ ತಂದ ಆಹಾರ ತಡೆಯಬಾರದು ಅಂತಲೂ ಹೇಳಿದೆ. (ನೀರಿಗೆ ಹಣ ಕೇಳಿದರೆ ಈ ಮಾತು ನೆನಪಿಸಿ.) ಆದ್ರೆ ತಾಲೂಕಿನಲ್ಲಿ ಬಜ್ಜಿ ಅಂಗಡಿಯವನ ಹೊಟ್ಟೆ ಮೇಲೆ ಹೊಡೆದು ಟಾಕೀಸು ಉಳಿಸೋದು ನನಗೆ ಸರಿ ಕಾಣಲ್ಲ, ಅದು ನಡೆಯೋದೂ ಇಲ್ಲ. 40 ರೂ. ಬಜ್ಜಿಯನ್ನು ಒಳಗೆ 120ಕ್ಕೆ ಮಾರಿದರೆ ಜನ ಮುಂದಿನ ವಾರ ಬರಲ್ಲ.

ಬೀದಿಯಿಂದ ಗೇಟಿನ ಒಳಗೆ ಸ್ವಲ್ಪ ಹಣ ವಾಪಸ್ ಹೋಗುವ ದಾರಿ ಒಂದು ಹಿಂದೆ ಇತ್ತು. ಸ್ಲೈಡು. ಗಾಜಿನ ಚೂರಿನ ಮೇಲೆ ಬಟ್ಟೆ ಅಂಗಡಿ, ಚಿನ್ನ ಬೆಳ್ಳಿ ಅಂಗಡಿ, ಟುಟೋರಿಯಲ್‌ನವರ ಹೆಸರು ಬರೆಸಿ ಸಿನಿಮಾಗೆ ಮುಂಚೆ ತೋರಿಸ್ತಿದ್ದರು. 'ಬಸ್ ಸ್ಟ್ಯಾಂಡ್ ಎದುರು' ಅಂತ ವಿಳಾಸ ಇರುತ್ತಿತ್ತು. ಡಿಜಿಟಲ್ ಬಂದ ಮೇಲೆ ಪರದೆಯ ಮೇಲಿನ ಜಾಹೀರಾತಿನ ವ್ಯಾಪಾರದ ದೊಡ್ಡ ಭಾಗ ಡಿಜಿಟಲ್ ಕಂಪನಿಗಳ ಕೈಗೆ ಹೋಯಿತು. ಸಾಬೂನು, ಪಾನ್ ಮಸಾಲ, ಸರ್ಕಾರಿ ಯೋಜನೆಯ ಜಾಹೀರಾತು ಬರುತ್ತೆ, ಟಾಕೀಸಿಗೆ ಅದರಲ್ಲೊಂದು ಪಾಲು ಬರುತ್ತೆ. ನಮ್ಮೂರ ಅಂಗಡಿ ಪರದೆಯಿಂದ ಮಾಯವಾಯಿತು. ಅದೇ ಅಂಗಡಿಯವರು ಈಗ ಫೇಸ್‌ಬುಕ್‌ಗೆ, ಫ್ಲೆಕ್ಸಿಗೆ ದುಡ್ಡು ಹಾಕ್ತಾರೆ. ಫ್ಲೆಕ್ಸನ್ನು ಪುರಸಭೆಯವರು ಕಿತ್ತು ಹಾಕ್ತಾರೆ. ಟಾಕೀಸಿನ ಪರದೆಯಲ್ಲಿ ಊರಿನ ಅಂಗಡಿಗೆ ಇಷ್ಟು ನಿಮಿಷ ಬೇಕು ಅಂತ ವರ್ತಕರ ಸಂಘ ಒಟ್ಟಾಗಿ ಹೋಗಿ ಕೇಳಿದರೆ ಮಾಲೀಕನಿಗೂ ಡಿಜಿಟಲ್ ಕಂಪನಿಯ ಜೊತೆ ಮಾತಾಡಲು ಒಂದು ಬಲ ಸಿಗುತ್ತೆ. ಟಿಕೆಟ್ ತುಂಡು ತೋರಿಸಿದರೆ ಊಟದಲ್ಲಿ 10 ರೂ. ಬಿಡುವುದು, ಬಟ್ಟೆ ಅಂಗಡಿಯಲ್ಲಿ ಇಷ್ಟು ಖರೀದಿಗೆ ಒಂದು ಟಿಕೆಟ್ ಕೊಡುವುದು, ಇಂಥದ್ದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಸರ್ಕಾರದಿಂದ ಬೇಕಾದ್ದು ಬೇರೆ. ಪಕ್ಕದ ಕೇರಳದಲ್ಲಿ ರಾಜ್ಯದ ಚಲನಚಿತ್ರ ಅಭಿವೃದ್ಧಿ ನಿಗಮವೇ ಚೇರ್ತಲ, ಚಿತ್ತೂರು, ಪರವೂರಿನಂಥ ಸಣ್ಣ ಊರುಗಳಲ್ಲಿ ಚಿತ್ರಮಂದಿರ ನಡೆಸುತ್ತೆ. ನಮ್ಮ 2025ರ ಬಜೆಟ್‌ನಲ್ಲಿ ಮೈಸೂರಿಗೆ 500 ಕೋಟಿ ರೂ. ಚಿತ್ರನಗರಿ ಬಂತು, ಕನ್ನಡಕ್ಕೆ ಸರ್ಕಾರದ್ದೇ ಒಟಿಟಿ ಅಂತಲೂ ಹೇಳಿದರು. ಸಿನಿಮಾ ಮಾಡೋದಕ್ಕೆ ಒಂದು, ಮನೆಯಲ್ಲಿ ಕೂತು ನೋಡೋದಕ್ಕೆ ಒಂದು. ತಾಲೂಕಿನಲ್ಲಿ ತೋರಿಸೋ ಜಾಗದ ಕಥೆ? ಕನ್ನಡ ಸಿನಿಮಾಗೆ ಸಬ್ಸಿಡಿ ಕೊಡುವ ಸರ್ಕಾರ, ಸಬ್ಸಿಡಿ ಪಡೆದ ಚಿತ್ರ ಎಂಟು ವಾರ ಒಟಿಟಿಗೆ ಹೋಗಬಾರದು ಅಂತ ಒಂದು ಷರತ್ತು ಹಾಕಬಹುದು. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿ ಬೇಕಿಲ್ಲ. ತಾಲೂಕು ಟಾಕೀಸಿಗೆ 200 ರೂ. ಮಿತಿಗಿಂತ ನೂರು ಪಾಲು ಉಪಯೋಗದ ಕೆಲಸ ಅದು.

ಟಾಕೀಸಿನವರ ಕಡೆಯಿಂದ ಆಗಬೇಕಾದ್ದೂ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಶೌಚಾಲಯ ಗಬ್ಬು ನಾರುವ, ಸೀಟು ಹರಿದ, ಫ್ಯಾನು ತಿರುಗದ ಹಾಲಿಗೆ ಹೆಣ್ಣುಮಕ್ಕಳು ಬರಲ್ಲ. ಹೆಣ್ಣುಮಕ್ಕಳು ಬರಲ್ಲ ಅಂದ್ರೆ ಸಂಸಾರವೇ ಬರಲ್ಲ. ಆಗ ಉಳಿಯೋದು ಮೊದಲ ದಿನ ಸೀಟಿ ಹೊಡೆಯುವ ಹುಡುಗರು ಮಾತ್ರ, ಅವರು ಎರಡನೇ ವಾರಕ್ಕೆ ಇರಲ್ಲ. ಎಸಿ ಹಾಕಲು ಲಕ್ಷಗಟ್ಟಲೆ ಬೇಕು, ಒಪ್ಪೋಣ. ಫಿನಾಯಿಲಿಗೆ ಬೇಕಿಲ್ಲ.

ಇನ್ನು ಈ ವಾರಾಂತ್ಯ ಸಿನಿಮಾಗೆ ಹೋಗುವವರು ಒಂದು ಕೆಲಸ ಮಾಡಿ. ಟಿಕೆಟ್ ಕೈಗೆ ಬಂದಾಗ ಮೇಲೆ ಬರೆದಿರುವ ದರ, ತೆರಿಗೆ ಎರಡನ್ನೂ ನೋಡಿ. ಮೂಲ ದರ 100 ಅಂತಿದ್ದರೆ ಒಟ್ಟು 105 ಇರಬೇಕು. 80 ಅಂತಿದ್ದರೆ 84. ಹಳೆಯ ಶೇ 12ರ ಲೆಕ್ಕದಲ್ಲೇ 112, 89 ರೂ. 60 ಪೈಸೆ ಅಂತ ತೆಗೆದುಕೊಳ್ಳುತ್ತಿದ್ದರೆ ಕೌಂಟರಿನಲ್ಲೇ ಕೇಳಿ. ಟಿಕೆಟ್ ಇಲ್ಲದೆ ಬರೀ ಕೈಗೆ ಸೀಲು ಹಾಕಿ ಒಳಗೆ ಬಿಟ್ಟರೆ, ಟಿಕೆಟ್ ಕೊಡಿ ಅಂತ ಮೊದಲು ಕೇಳಿ.